ಮುತ್ತಿನಂಥ ಅಕ್ಷರದ ಒಂದು ಸಾಲು

ಕ್ಯಾಶುವಾಲ್ಟಿಗೆ ಹೊಸದಾಗಿ ಸೇರುವ ಡಾಕ್ಟರುಗಳೇ, ನಾನು ಯಾವಾಗ ಯಾವ ಹುದ್ದೆಗೆ ಏರಿದೆ ಎಂಬ ಪುರಾಣ ಇಲ್ಲಿ ಸಿಗುವುದಿಲ್ಲ. ಅದು ನನ್ನ ಹೆಂಡತಿಗೇ ನೆನಪಿಲ್ಲ. ಹೊಸಪೇಟೆಯ ಒಂದು ಆಸ್ಪತ್ರೆಯ ತುರ್ತು ವಿಭಾಗಕ್ಕೆ ತಲೆತುಂಬ ಕೂದಲಿದ್ದಾಗ ಸೇರಿ, ಬಾಚಣಿಗೆಯ ಅಗತ್ಯ ಮುಗಿದ ಮೇಲೆ ಹೊರಬಂದವನು ನಾನು. ಹಂಪಿಯ ಬಂಡೆ ಹತ್ತಿ ಫೋಟೊ ತೆಗೆಸಿಕೊಳ್ಳಲು ಹೋಗಿ ಜಾರಿದವರು, ಸಂಡೂರಿನ ಗಣಿಯಲ್ಲಿ ಕಾಲು ಜಜ್ಜಿಸಿಕೊಂಡವರು, ಕಂಪ್ಲಿಯ ಗದ್ದೆಯಲ್ಲಿ ಹಾವು ಕಡಿಸಿಕೊಂಡು ಆ ಹಾವನ್ನೂ ಚೀಲದಲ್ಲಿ ತುಂಬಿ ತಂದವರು, ಎಲ್ಲರನ್ನೂ ನೋಡಿದ್ದೇನೆ. ಒಮ್ಮೆ ಆ ಚೀಲದ ಹಾವು ಸತ್ತಿರಲಿಲ್ಲ. ಅವತ್ತಿನ ಚೀಟಿಯನ್ನು ನಾನು ಮೇಜಿನ ಮೇಲೆ ನಿಂತು ಬರೆದೆ.

ಇವೆಲ್ಲ ನಿಮಗೂ ಬರುತ್ತವೆ, ನೀವೂ ಕಲಿಯುತ್ತೀರಿ. ಆದರೆ ಯಾವ ಕಾಲೇಜೂ ಕಲಿಸದ ಒಂದು ಜಾಗವಿದೆ. ಅದು ಕೋರ್ಟಿನ ಕಟಕಟೆ. ಅಲ್ಲಿ ಹೇಗೆ ನಿಲ್ಲಬೇಕು ಎಂಬುದನ್ನು ನಾನು ಕೊನೆಯ ಕೆಲವು ವರ್ಷ ನಾಟಕ ಆಡಿಸಿ ಕಲಿಸಿದೆ. ಕಲಿಸುವ ಅರ್ಹತೆ ನನಗೆ ಹೇಗೆ ಬಂತು ಎಂದರೆ, ಅಲ್ಲಿ ನಿಂತು ಮಾನ ಕಳೆದುಕೊಂಡಿದ್ದರಿಂದ ಬಂತು.

ಕಂಪ್ಲಿ ಕಡೆಯ ದೊಡ್ಡಬಸಪ್ಪ ಎಂಬ ರೈತ ಒಂದು ದಿನ ಎದೆ ಹಿಡಿದುಕೊಂಡು ಬಂದ. ಇಸಿಜಿ ನೋಡಿದರೆ ಹೌದೋ ಅಲ್ಲವೋ ಎಂಬಂತಿತ್ತು. ಅವನಿಗೆ ಎದೆಗಿಂತ ಗದ್ದೆಯ ಚಿಂತೆ ದೊಡ್ಡದು. "ಕಾಲುವಿ ನೀರಿನ ಪಾಳಿ ಇವತ್ತು ನಂದೈತ್ರಿ, ಗುಳಿಗಿ ಕೊಡ್ರಿ ಸಾಕು" ಎಂದ. ಅವನ ಹಿಂದೆ ಹನ್ನೊಂದು ಜನ ಕಾಯುತ್ತಿದ್ದರು. ಗುಳಿಗೆ ಕೊಟ್ಟು ಕಳಿಸಿದೆ. ಮರುದಿನ ಅವನನ್ನು ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ತಂದರು. ಜೀವ ಉಳಿಯಿತು. ಆದರೆ ಆಮೇಲೆ ಅವನು ಸಲಿಕೆ ಹಿಡಿಯುವ ಹಾಗಿರಲಿಲ್ಲ. ಕೇಸು ಹಾಕಿದ.

ನೋಟಿಸು ಬಂದ ದಿನ ಬೆವರೊರೆಸಿಕೊಳ್ಳುತ್ತ ರೆಕಾರ್ಡ್ ರೂಮಿಗೆ ಹೋಗಿ ಅವನ ಕೇಸ್ ಶೀಟು ತೆಗೆದೆ. ಆಸ್ಪತ್ರೆಯಲ್ಲಿ ಉಳಿದುಕೋ ಎಂದು ನಾನು ಅವನಿಗೆ ಹೇಳಿದ್ದೆನೇ? ಎಲ್ಲರಿಗೂ ಹೇಳುವವನು, ಅವನಿಗೂ ಹೇಳಿಯೇ ಇರುತ್ತೇನೆ. ಶೀಟಿನಲ್ಲಿ ಮಾತ್ರ ಅದು ಇರಲಿಲ್ಲ. ಕೆಳಗೆ ಒಂದು ಸಾಲಿನಷ್ಟು ಜಾಗವಿತ್ತು, ಜೇಬಿನಲ್ಲಿ ಪೆನ್ನಿತ್ತು. 'ದಾಖಲಾಗಲು ಹೇಳಿದೆ, ರೋಗಿ ಒಪ್ಪಲಿಲ್ಲ' ಎಂದು ಇಂಗ್ಲಿಷಿನಲ್ಲಿ ಬರೆದುಬಿಟ್ಟೆ.

ದೊಡ್ಡಬಸಪ್ಪನ ಪರ ವಕೀಲರು ವೆಂಕೋಬರಾಯರು. ಸಣಕಲು ದೇಹ, ನಶ್ಯ ಹತ್ತಿದ ಮೂಗು, ಮಾತು ಮಾತ್ರ ಬೆಣ್ಣೆ. ಕಟಕಟೆಯಲ್ಲಿ ನಿಂತಿದ್ದ ನನ್ನ ಕೈಗೆ ಆ ಶೀಟು ಕೊಟ್ಟರು.

"ಡಾಕ್ಟ್ರ, ಈ ಹಾಳಿ ಪೂರ್ತಿ ನಿಮ್ಮ ಅಕ್ಷರಾನ?"

"ಹೌದು."

"ಮ್ಯಾಲಿನ ಹದಿನಾಲ್ಕು ಸಾಲು ಕೋಳಿ ಕೆದರಿದಂಗ ಅವ. ಕಡೀ ಸಾಲು ನೋಡ್ರಿ, ಮುತ್ತು ಪೋಣಿಸಿದಂಗ ಅದ. ಅದನ್ನ ಬರಿಯೋ ಮುಂದ ಕ್ಯಾಶುವಾಲ್ಟಿಯೊಳಗ ಒಬ್ಬ ಪೇಷಂಟೂ ಇರ್ಲಿಲ್ಲೇನ್ರಿ?"

ಕೋರ್ಟು ಗೊಳ್ಳೆಂದು ನಕ್ಕಿತು. ಟೈಪ್ ಮಾಡುವ ಹೆಣ್ಣುಮಗಳು ಕೂಡ ಸೆರಗು ಬಾಯಿಗೆ ಇಟ್ಟುಕೊಂಡಳು. ಕೇಸು ಅಲ್ಲಿಗೇ ಮುಗಿಯಿತು. ಸೋತೆ, ಅದಿರಲಿ. ಹೊರಗೆ ಮೆಟ್ಟಿಲ ಮೇಲೆ ದೊಡ್ಡಬಸಪ್ಪ ನನ್ನನ್ನು ತಡೆದು ನಿಲ್ಲಿಸಿ ಮೆಲ್ಲಗೆ ಕೇಳಿದ: "ಸಾಹೇಬ್ರ, ಇರು ಅಂತ ಖರೇನ ಹೇಳಿದ್ರೇನ್ರಿ? ನನಗ ನೆಪ್ಪಿಲ್ಲ, ಅದಕ್ಕ ಕೇಳ್ತೀನಿ." ಸಿಟ್ಟಿನಿಂದ ಕೇಳಿದ್ದಲ್ಲ. ಅವನಿಗೆ ನಿಜವಾಗಿ ತಿಳಿಯಬೇಕಿತ್ತು. ನನಗೆ ಉತ್ತರ ಗೊತ್ತಿರಲಿಲ್ಲ. ಇವತ್ತಿಗೂ ಗೊತ್ತಿಲ್ಲ. ನಾಚಿಕೆ ಎಂದರೆ ಏನೆಂದು ನಾನು ತಿಳಿದದ್ದು ಆ ಮೆಟ್ಟಿಲ ಮೇಲೆ.

ಆಮೇಲೆ ನಮ್ಮ ಆಸ್ಪತ್ರೆಯಲ್ಲಿ ಕಾನೂನಿನ ಪಾಠ ಶುರುವಾಯಿತು. ಮೊದಲು ಯಾರೋ ಕೋಟು ಹಾಕಿಕೊಂಡವರು ಬಂದು ಗೋಡೆಯ ಮೇಲೆ ಸ್ಲೈಡು ತೋರಿಸುತ್ತಿದ್ದರು. ಪಾಳಿ ಮುಗಿಸಿ ಬಂದ ಡಾಕ್ಟರುಗಳಿಗೆ ಕತ್ತಲೆ ಕೋಣೆ, ಏಸಿ ಎರಡೂ ಸಿಕ್ಕರೆ ಇನ್ನೇನು ಬೇಕು? ಗೊರಕೆ ಹೊಡೆಯುತ್ತಿದ್ದರು. ಇದರಿಂದ ಪ್ರಯೋಜನವಿಲ್ಲ, ನಾಟಕವನ್ನೇ ಆಡಿಸೋಣ ಎಂದು ನಾನು ಹಟ ಹಿಡಿದೆ. ನಮ್ಮ ಆಡಳಿತಾಧಿಕಾರಿ ಹಿಂದೆ ಗಣಿ ಕಂಪನಿಯೊಂದರ ಆಫೀಸಿನಲ್ಲಿದ್ದವರು, ಎಲ್ಲವನ್ನೂ ಲಾರಿ ಲೋಡಿನ ಹಾಗೆ ಎಣಿಸುವವರು. "ಡಾಕ್ಟ್ರೇ, ನಿಮ್ಮ ನಾಟಕದಿಂದ ಪಾಳಿಗೆ ಎಷ್ಟು ಪೇಷಂಟ್ ಜಾಸ್ತಿ ಆಗ್ತಾರ?" ಎಂದರು. "ಕೇಸ್ ಕಮ್ಮಿ ಆಗ್ತಾವ" ಎಂದೆ. ಹಳೆಯ ಗೋಡೌನು ಕೊಟ್ಟರು.

ವಿಧಾನ ಹೀಗೆ. ರೋಗಿಯ ಪಾತ್ರಕ್ಕೆ ಒಂದು ಪ್ಲಾಸ್ಟಿಕ್ ಗೊಂಬೆ. ಒತ್ತಿದರೆ ಎದೆ ಏರಿಳಿಯುತ್ತದೆ, ದವಡೆ ಮಾತ್ರ ಒಂದು ಕಡೆ ಸಡಿಲ. ಪರಸಪ್ಪ ಎಂದು ಹೆಸರಿಟ್ಟವಳು ಚಿತ್ತವಾಡ್ಗಿಯ ಹುಲಿಗೆಮ್ಮ, ನಮ್ಮ ವಾರ್ಡಿನ ಆಯಾ. ಗೊಂಬೆಯ ಹೆಂಡತಿಯೂ ಅವಳೇ, ಗೊಂಬೆಯ ಪರವಾಗಿ ಮಾತಾಡುವವಳೂ ಅವಳೇ. ಡಾಕ್ಟರು ಪರಸಪ್ಪನನ್ನು ನೋಡಿ ಕೇಸ್ ಶೀಟು ಬರೆಯಬೇಕು. ಆ ಶೀಟನ್ನು ಬೀಗ ಹಾಕಿ ಇಡುತ್ತೇವೆ. ಎರಡು ತಿಂಗಳಾದ ಮೇಲೆ, ಅವರು ಎಲ್ಲ ಮರೆತಿರುವಾಗ, ಪರಸಪ್ಪ ಸತ್ತನೆಂದು ವಕೀಲರ ನೋಟಿಸು ಹೋಗುತ್ತದೆ. ಆಮೇಲೆ ಗೋಡೌನಿನಲ್ಲಿ ಕೋರ್ಟು. ಎದುರು ವಕೀಲರು ಯಾರು ಗೊತ್ತೇ? ವೆಂಕೋಬರಾಯರು. ಅಷ್ಟೊತ್ತಿಗೆ ಅವರು ವಕೀಲಿ ಬಿಟ್ಟು ಮನೆಯಲ್ಲಿ ಮೊಮ್ಮಕ್ಕಳಿಗೆ ಪಾಟೀಸವಾಲು ಹಾಕುತ್ತಿದ್ದರು. ನಾನು ಹೋಗಿ ಕರೆದಾಗ, "ನಿಮ್ಮನ್ನ ಸೋಲಿಸಿದಾವ ನಾನು, ನನ್ನೇ ಕರೀತೀರಲ್ರಿ!" ಎಂದರು. "ಅದಕ್ಕೇ ಕರೀತೀನಿ ರಾಯರ, ನಿಮ್ಮ ಕೈಗೆ ಸಿಕ್ಕೋರು ಮುಂದ ಯಾರ ಕೈಗೂ ಸಿಗಂಗಿಲ್ಲ" ಎಂದೆ.

ಮೊದಲ ಪ್ರದರ್ಶನವೇ ಕೆಟ್ಟಿತು. ನೋಟಿಸನ್ನು ಒಬ್ಬ ಡಾಕ್ಟರ ಮನೆಗೆ ಕಳಿಸಿದ್ದೆವು. ಅವರ ತಾಯಿ ಓದಿಸಿಕೊಂಡು, ಮಗ ಜೈಲಿಗೆ ಹೋಗುತ್ತಾನೆಂದು ವಿರೂಪಾಕ್ಷನಿಗೆ ಹರಕೆ ಹೊತ್ತು, ಬಂಧುಗಳನ್ನು ಕರೆಸಿಬಿಟ್ಟರು. ಒಂದು ಟೆಂಪೊ ತುಂಬ ಜನ ಆಸ್ಪತ್ರೆಗೆ ಬಂದು "ಆ ಪರಸಪ್ಪನ ಮನಿ ಎಲ್ಲೈತಿ, ಕೈಕಾಲು ಹಿಡಿದು ರಾಜಿ ಮಾಡ್ಕೋತೀವಿ" ಎಂದು ಕುಳಿತರು. ಪರಸಪ್ಪನನ್ನು ಗೋಡೌನಿನಿಂದ ತಂದು ತೋರಿಸಬೇಕಾಯಿತು. ಅಂದಿನಿಂದ ನೋಟಿಸಿನ ಮೇಲೆ ದಪ್ಪಕ್ಷರದಲ್ಲಿ 'ಇದು ಅಭ್ಯಾಸಕ್ಕೆ' ಎಂದು ಬರೆಯತೊಡಗಿದೆವು.

ಹುಲಿಗೆಮ್ಮನದು ಇನ್ನೊಂದು ಕಥೆ. ಸ್ವಲ್ಪ ಅಳು ಎಂದರೆ ಅವಳಿಗೆ ಸ್ವಲ್ಪ ಎಂಬುದೇ ಗೊತ್ತಿಲ್ಲ. ಎದೆ ಬಡಿದುಕೊಂಡು, "ಎದ್ದೇಳೋ ನನ್ ರಾಜಾ" ಎಂದು ಗೊಂಬೆಯ ಮೇಲೆ ಬಿದ್ದು ಹಾಡಿ ಅತ್ತಳು. ಹೊರಗೆ ಕಾಯುತ್ತಿದ್ದ ಸಂಡೂರಿನ ಲಾರಿ ಜನ ಕೇಳಿ, ಯಾರದೋ ಹೆಣ ಮುಚ್ಚಿಡುತ್ತಿದ್ದಾರೆಂದು ಬಾಗಿಲು ನೂಕಿ ಒಳಗೆ ನುಗ್ಗಿದರು. ಒಬ್ಬ ಮುದುಕ ಗೊಂಬೆಯ ಕೆನ್ನೆ ಮುಟ್ಟಿ ನೋಡಿ, ಹುಲಿಗೆಮ್ಮನ ಬೆನ್ನು ಸವರಿದ. "ಹೋಗ್ಲಿ ಬಿಡವ್ವ, ಪ್ಲಾಸ್ಟಿಕ್ಕು. ಇನ್ನೊಂದು ಸಿಗತೈತಿ" ಎಂದ. ಅವಳು ಆ ಸಮಾಧಾನಕ್ಕೂ ಅತ್ತಳು.

ಈ ಶಾಲೆಯ ಅತಿ ದಡ್ಡ ವಿದ್ಯಾರ್ಥಿನಿ ಡಾಕ್ಟರ್ ನಾಗವೇಣಿ. ದಡ್ಡಿ ಎಂದರೆ ಕಟಕಟೆಯಲ್ಲಿ ಮಾತ್ರ, ರೋಗಿಯ ಮುಂದೆ ಬಂಗಾರದಂಥ ಹುಡುಗಿ. ಬಂಡ್ರಿಯವಳು. ಅಪ್ಪ ಅವ್ವ ಇಬ್ಬರೂ ಗಣಿ ಕೂಲಿ. ಆ ಮನೆಯಲ್ಲಿ ಹತ್ತನೇ ತರಗತಿ ದಾಟಿದವಳೇ ಅವಳೊಬ್ಬಳು. ದೊಡ್ಡವರು ಏನು ಕೇಳಿದರೂ ಹೌದ್ರಿ ಎನ್ನುವುದು ಅವಳು ಬೆಳೆದ ರೀತಿ.

"ಪರಸಪ್ಪ ಸತ್ತಿದ್ದು ನಿಮ್ಮ ತಪ್ಪಿನಿಂದಾನ ಅಲ್ಲೇನಮ್ಮ?" ಎಂದರು ವೆಂಕೋಬರಾಯರು.

"ಹೌದ್ರಿ."

"ಅವತ್ತು ಕರೆಂಟ್ ಹೋಗಿದ್ದೂ?"

"ತಪ್ಪಾತ್ರಿ ಸಾರ್."

ರಾಯರು ನಶ್ಯದ ಡಬ್ಬಿ ಕೆಳಗಿಟ್ಟು ನನ್ನ ಕಡೆ ತಿರುಗಿ, "ಇಕಿನ್ನ ನಾ ಹೆಂಗ ಸೋಲಿಸಲಿ ಮಾರಾಯ್ರ? ನಾ ಬರೋಕಿಂತ ಮೊದಲೇ ಸೋತು ಕುಂತಾಳ!" ಎಂದರು. ಅಷ್ಟರಲ್ಲಿ ಹುಲಿಗೆಮ್ಮ ಅಳತೊಡಗಿದಳು. ನಾಗವೇಣಿಯೂ ಅತ್ತು, ಹೋಗಿ ಅವಳ ಕಾಲು ಹಿಡಿದಳು.

ಇನ್ನೊಮ್ಮೆ ಪರಸಪ್ಪನ ತಲೆಗೆ ಪೆಟ್ಟು. ಮಿದುಳು ಸರಿ ಇದೆಯೋ ಇಲ್ಲವೋ ತಿಳಿಯಲು ಇವತ್ತು ಯಾವ ವಾರ, ಇದು ಯಾವ ಊರು ಎಂದು ಕೇಳಬೇಕೆಂದು ಪುಸ್ತಕದಲ್ಲಿದೆ. ನಾಗವೇಣಿ ಗೊಂಬೆಯ ಕಿವಿಯ ಹತ್ತಿರ ಬಗ್ಗಿ, "ಅಣ್ಣಾ, ನಿಮ್ಮನಿ ಎಮ್ಮಿ ಹೆಸರೇನು?" ಎಂದಳು.

"ಗೌರೀ ರೀ!" ಎಂದಳು ಗೊಂಬೆಯ ಹಿಂದಿನಿಂದ ಹುಲಿಗೆಮ್ಮ.

ನನಗೆ ಸಿಟ್ಟು ನೆತ್ತಿಗೇರಿತು. "ಇದೇನವ್ವ, ದನದ ದವಾಖಾನಿ ಅಂತ ತಿಳ್ಕೊಂಡೀಯೇನು?"

"ಹಂಗಲ್ರಿ ಸಾರ್. ಪಾಳಿ ಮ್ಯಾಲೆ ಪಾಳಿ ದುಡಿಯೋರಿಗೆ ಚಂದಗಿದ್ದಾಗೂ ಇವತ್ತು ಯಾವ ವಾರ ಅಂತ ಗೊತ್ತಿರಂಗಿಲ್ರಿ. ಎಮ್ಮಿ ಹೆಸರು ಮರೆತ್ರ ಮಾತ್ರ ತಲಿಗೆ ಏನೋ ಆಗೈತಿ ಅಂತ ಮನಿಯೋರಿಗೂ ತಿಳಿತೈತ್ರಿ."

ಹತ್ತಕ್ಕೆ ನಾಲ್ಕು ಅಂಕ ಕೊಟ್ಟೆ. ಇಷ್ಟು ವರ್ಷ ಡಾಕ್ಟರಾಗಿದ್ದು ನಾನು ಮಾಡಿದ ದಡ್ಡತನಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಿಕೊಳ್ಳಿ.

ಎಷ್ಟು ನಗಾಡಿದರೂ ಪ್ರತಿ ನಾಟಕದ ಕೊನೆಗೆ ಮೂರು ಮಾತನ್ನು ಎಲ್ಲರಿಂದ ಹೇಳಿಸುತ್ತಿದ್ದೆ. ಬರೆಯದ್ದನ್ನು ಬರೆದೆ ಎನ್ನಬೇಡ. ತಪ್ಪು ಬರೆದರೆ ಅಳಿಸಬೇಡ, ಗೀಚಬೇಡ. ಏನಾದರೂ ಆಮೇಲೆ ಸೇರಿಸುವುದಿದ್ದರೆ ಕೆಳಗೆ, ಆ ಹೊತ್ತಿನ ಗಂಟೆ ಹಾಕಿ, ಆಮೇಲೆ ಬರೆದದ್ದು ಎಂದೇ ಬರೆ.

ನಾನು ನಿವೃತ್ತನಾಗಲು ಆರು ತಿಂಗಳಿತ್ತು. ನಾಗವೇಣಿಗೆ ಒಂದು ನೋಟಿಸು ಬಂತು. ಮೇಲೆ 'ಇದು ಅಭ್ಯಾಸಕ್ಕೆ' ಎಂದು ಇರಲಿಲ್ಲ.

ಬಂಡ್ರಿಯ ಕಡೆಯವನೇ, ಮಾರೆಪ್ಪ ಎಂಬ ಕೂಲಿಯವನು ಲಾರಿಯ ಮೇಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡು ಬಂದಿದ್ದ. ಅವಳು ಅರ್ಧ ದಿನ ಇಟ್ಟುಕೊಂಡು ನೋಡಿ, ಸರಿ ಇದ್ದಾನೆಂದು ಕಳಿಸಿದಳು. ಮನೆಯಲ್ಲಿ ಏನೇನು ಗಮನಿಸಬೇಕು ಎಂದು ಅವನ ಅಣ್ಣ ಓಬಳೇಶನಿಗೆ ಹೇಳಿದಳು. ಹೇಳಿದ್ದನ್ನು ಶೀಟಿನಲ್ಲಿ ಬರೆಯಲಿಲ್ಲ. ಎರಡನೆಯ ದಿನ ಮಾರೆಪ್ಪನ ತಲೆಯೊಳಗೆ ರಕ್ತ ಹೆಪ್ಪುಗಟ್ಟಿ, ಮತ್ತೆ ಕರೆತಂದರು, ಬಳ್ಳಾರಿಗೆ ಕಳಿಸಿ ಆಪರೇಶನ್ ಆಯಿತು. ಉಳಿದ. ಆದರೆ ಮಾತು ನಿಧಾನವಾಯಿತು. ಡಾಕ್ಟರು ನಮಗೆ ಏನೂ ಹೇಳಲಿಲ್ಲ ಎಂಬುದು ದೂರು.

"ಸಾರ್, ನಾ ಕ್ಯಾಶುವಾಲ್ಟಿ ಬಿಡ್ತೀನ್ರಿ" ಎಂದಳು ನಾಗವೇಣಿ. ಕಣ್ಣು ಊದಿತ್ತು. "ನಮ್ಮೂರೋರಾ ನನ್ನ ಮ್ಯಾಲೆ ಕೇಸ್ ಹಾಕ್ಯಾರ. ನಮ್ಮಪ್ಪ ಮೂರು ದಿನ ಆತು, ಚಾದಂಗಡಿಗೆ ಹೋಗಿಲ್ರಿ."

ಆಡಳಿತಾಧಿಕಾರಿ ನನ್ನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು. ಶೀಟು ಅವರ ಮೇಜಿನ ಮೇಲಿತ್ತು, ಇನ್ನೂ ಯಾರಿಗೂ ಪ್ರತಿ ಕೊಟ್ಟಿರಲಿಲ್ಲ. "ಆಕಿ ಹೇಳಿದ್ದು ಖರೆ ಐತಿ. ಖರೆ ಇದ್ದದ್ದನ್ನ ಅವತ್ತೇ ಬರೆದಂಗ ಸೇರಿಸಿದ್ರ ತಪ್ಪೇನು? ಒಂದು ಸಾಲು. ನೀವು ಹೇಳಿದ್ರ ಆಕಿ ಕೇಳ್ತಾಳ."

ಶೀಟು ಹಿಡಿದುಕೊಂಡು ಕ್ಯಾಶುವಾಲ್ಟಿಗೆ ಬಂದೆ. ಕೆಳಗೆ ಒಂದು ಸಾಲಿನಷ್ಟು ಜಾಗ ಖಾಲಿ ಇತ್ತು. ಈ ದರಿದ್ರ ಶೀಟುಗಳಲ್ಲಿ ಆ ಒಂದು ಸಾಲಿನ ಜಾಗ ಯಾವಾಗಲೂ ಖಾಲಿ ಇರುತ್ತದೆ ನೋಡಿ.

ನಾಗವೇಣಿ ನನ್ನ ಮುಖ ನೋಡಿ, "ಬರೀಲೇನ್ರಿ ಸಾರ್?" ಎಂದಳು.

ನಿಮಗೆ ಪಾಠ ಹೇಳುವವನು ನಾನು, ಆದ್ದರಿಂದ ಮುಚ್ಚಿಡುವುದಿಲ್ಲ. ಹೂಂ ಎನ್ನುವ ಮಾತು ನನ್ನ ತುದಿನಾಲಿಗೆಗೆ ಬಂದಿತ್ತು. ಆ ಹುಡುಗಿ ಕೆಲಸ ಬಿಡುವುದನ್ನು ನೋಡಲು ನನಗೆ ಮನಸ್ಸಿರಲಿಲ್ಲ. ನನ್ನ ಸಾಲಿನ ಹಾಗೆ ಇದು ಅನುಮಾನದ ಸಾಲೂ ಅಲ್ಲ, ಅವಳಿಗೆ ಹೇಳಿದ್ದು ಚೆನ್ನಾಗಿ ನೆನಪಿದೆ.

ನೆಲ ಒರೆಸುತ್ತಿದ್ದ ಹುಲಿಗೆಮ್ಮ ತಲೆ ಎತ್ತದೆ ಹೇಳಿದಳು: "ಬರೆಯವ್ವ, ಬರಿ. ಆದ್ರ ಕೋಳಿ ಕೆದರಿದಂಗ ಬರಿ. ಸಾರ್ ಸಿಕ್ಕಿಬಿದ್ದಿದ್ದು ಅಲ್ಲೇ."

ಆಸ್ಪತ್ರೆಯ ಆಯಾಗೂ ಗೊತ್ತಿತ್ತು ನನ್ನ ಕಥೆ! ಮುಖಕ್ಕೆ ಹೊಡೆದ ಹಾಗಾಯಿತು. ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. "ಬ್ಯಾಡವ್ವ. ಖಾಲಿ ಇದ್ದದ್ದು ಖಾಲಿನ ಇರ್ಲಿ. ಕೆಲಸ ಬಿಡೋದನ್ನ ತೀರ್ಪು ಆದ ಮ್ಯಾಲೆ ವಿಚಾರ ಮಾಡು" ಎಂದು ಶೀಟನ್ನು ಹಾಗೆಯೇ ವಾಪಸು ಕೊಟ್ಟುಬಂದೆ. ಆಡಳಿತಾಧಿಕಾರಿ ನನ್ನ ಜೊತೆ ಹದಿನೈದು ದಿನ ಮಾತಾಡಲಿಲ್ಲ. ಅದು ಆ ವರ್ಷದ ಅತ್ಯಂತ ನೆಮ್ಮದಿಯ ಹದಿನೈದು ದಿನ.

ವಿಚಾರಣೆಯ ದಿನ ನಾನು, ವೆಂಕೋಬರಾಯರು, ಹುಲಿಗೆಮ್ಮ ಹಿಂದಿನ ಬೆಂಚಿನಲ್ಲಿ ಕುಳಿತೆವು. ಇಲ್ಲಿ ಅಳಬಾರದೆಂದು ಹುಲಿಗೆಮ್ಮನಿಂದ ಆಣೆ ಮಾಡಿಸಿದ್ದೆ. ಎದುರು ಕಡೆ ಹರೆಯದ ವಕೀಲರು. ಶೀಟನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುವಿ ನೋಡಿದರು. "ಸೇರಿಸಿದ ಸಾಲು ಹುಡುಕಾಕತ್ಯಾನ, ಹುಡುಕ್ಲಿ" ಎಂದು ರಾಯರು ನನ್ನ ಮೊಣಕೈ ತಿವಿದರು.

"ಮನೆಯವರಿಗೆ ಸೂಚನೆ ಕೊಟ್ಟೆ ಅಂತೀರಿ. ಇದರಲ್ಲಿ ಎಲ್ಲಿದೆ ಡಾಕ್ಟ್ರೇ?"

ನಾಗವೇಣಿ ಕಟಕಟೆಯ ಕಂಬಿ ಹಿಡಿದುಕೊಂಡಳು. ಈಗ ತಪ್ಪಾತ್ರಿ ಎನ್ನುತ್ತಾಳೆ, ಮುಗಿಯಿತು ಎಂದು ನಾನು ಕಣ್ಣು ಮುಚ್ಚಿದೆ.

"ಇಲ್ರಿ ಸಾರ್. ಹೇಳೀನಿ, ಬರ್ದಿಲ್ಲ. ಬರೀದಿದ್ದದ್ದು ನನ್ನ ತಪ್ಪು. ಹೇಳಿಲ್ಲ ಅಂದ್ರ ಮಾತ್ರ ಒಪ್ಪಂಗಿಲ್ರಿ."

"ಹಾಗಾದರೆ ಏನು ಹೇಳಿದಿರಿ? ಇಲ್ಲಿ ಹೇಳಿ, ಕೇಳೋಣ."

ಅವಳು ವಕೀಲರನ್ನು ಬಿಟ್ಟು ಓಬಳೇಶನ ಕಡೆ ತಿರುಗಿದಳು. ಕ್ಯಾಶುವಾಲ್ಟಿಯಲ್ಲಿ ಹೇಳುವ ಹಾಗೆಯೇ ಹೇಳಿದಳು. "ಅಣ್ಣಾ, ಮತ್ತ ಮತ್ತ ಕಕ್ಕಿದ್ರ, ಮಬ್ಬು ಹಿಡಿದಂಗ ಮಲಗಿದ್ರ, ಹೊತ್ತು ನೋಡಬ್ಯಾಡ್ರಿ, ಕರ್ಕೊಂಡು ಬರ್ರಿ. ಮಲಗಿದಾಗ ನಡುನಡುವ ಎಬ್ಬಿಸ್ರಿ. ಎಬ್ಬಿಸಿ, ಮನಿ ಎಮ್ಮಿ ಹೆಸರು ಕೇಳ್ರಿ. ತಪ್ಪು ಹೇಳಿದ್ರ..."

"ಹೌದಲೇ!" ಓಬಳೇಶ ಎದ್ದೇ ನಿಂತ. "ಎಮ್ಮಿ ಹೆಸರು! ಕೇಳಿದ್ವಿ ಸಾಹೇಬ್ರ! ಲಕ್ಷ್ಮಿ ಅನ್ನೋದು ಬಿಟ್ಟು ನಮ್ಮತ್ತಿ ಹೆಸರು ಹೇಳಿದ. ಅದಕ್ಕ ಗಾಬರಿ ಬಿದ್ದು ಹೊತ್ಕೊಂಡು ಬಂದ್ವಿ!"

ಅವನ ವಕೀಲರು ಹಣೆ ಹಿಡಿದುಕೊಂಡರು. "ಓಬಳೇಶ, ಕುಂದ್ರು."

"ಹೆಂಗ ಕುಂದ್ರಲ್ರಿ? ಕಾಗದದಾಗ ಏನೂ ಇಲ್ಲ, ಆಕಿ ಹೇಳೇ ಇಲ್ಲ ಅಂತ ನೀವ ಅಂದ್ರಿ, ನಾನೂ ಇರ್ಬೇಕು ಅನ್ಕೊಂಡೆ. ಆ ಗದ್ದಲದಾಗ ಯಾರಿಗೆ ನೆಪ್ಪಿರತೈತಿ? ಎಮ್ಮಿ ಅಂದ ಕೂಡ್ಲೆ ನೆಪ್ಪಾತು. ಆಕಿ ಹೇಳಿಲ್ದಿದ್ರ ನನ್ನ ತಮ್ಮ ಮಲಗಿದಲ್ಲೇ ಹೋಗಿರ್ತಿದ್ದ."

ಹುಲಿಗೆಮ್ಮ ಆಣೆ ಮುರಿದು ಗೊಳೋ ಎಂದು ಅತ್ತಳು. ಚಿಕಿತ್ಸೆಯಲ್ಲಿ ತಪ್ಪಿಲ್ಲ, ಬರೆಯದೇ ಇದ್ದದ್ದು ಲೋಪ ಎಂದು ತೀರ್ಪಾಯಿತು. ಸರಿಯಾದ ತೀರ್ಪು. ಹೊರಗೆ ವೆಂಕೋಬರಾಯರು ನಾಗವೇಣಿಯ ತಲೆಯ ಮೇಲೆ ಕೈ ಇಟ್ಟು, "ಆ ಹಾಳಿಯೊಳಗ ಒಂದು ಸಾಲು ಸೇರಿಸಿದ್ದಿದ್ರ, ಅದು ಯಾವಾಗ ಬರೆದದ್ದು ಅಂತ ಆ ವಕೀಲ ಹಿಡ್ಕೊಂಡು ಜಗ್ತಿದ್ದ. ಎಮ್ಮಿ ಮಾತು ಹೊರಗ ಬರ್ತಿರ್ಲಿಲ್ಲ ತಂಗಿ" ಎಂದರು. ಅವಳ ನಾಲ್ಕು ಅಂಕವನ್ನು ನಾನು ಅಲ್ಲೇ ಹತ್ತಕ್ಕೆ ಏರಿಸಿದೆ. ಅವಳ ಅಪ್ಪ ಮರುದಿನ ಚಾದಂಗಡಿಗೆ ಹೋದರಂತೆ. ಅವಳು ಕ್ಯಾಶುವಾಲ್ಟಿ ಬಿಡಲಿಲ್ಲ.

ನಾನು ನಿವೃತ್ತನಾದೆ. ಹೋದ ತಿಂಗಳು ಊರಿಂದ ಬಂದ ನೆಂಟರಿಗೆ ಹಂಪಿ ತೋರಿಸಲು ಹೋಗಿ, ಹಂಪಿ ಬಜಾರಿನಲ್ಲಿ ಬಿಸಿಬಿಸಿ ಮಿರ್ಚಿ ತಿಂದೆ. ಎಷ್ಟು ಎಂದು ಕೇಳಬೇಡಿ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಎದೆಯಲ್ಲಿ ಉರಿ, ಎಡಭುಜಕ್ಕೆ ಸಣ್ಣ ನೋವು. ಹೆಂಡತಿ ಬಿಡದೆ ನಮ್ಮ ಆಸ್ಪತ್ರೆಗೇ ಎಳೆದುಕೊಂಡು ಹೋದಳು. ಅದು ಮಿರ್ಚಿಯದೋ ಹೃದಯದ್ದೋ ಎಂಬುದು ರೋಗಿಯ ಖಾಸಗಿ ವಿಷಯ, ಹೇಳುವುದಿಲ್ಲ.

ನಾಗವೇಣಿ ಇಸಿಜಿ ನೋಡಿದಳು. ಹೌದೋ ಅಲ್ಲವೋ ಎಂಬಂತಿತ್ತು. "ಸಾರ್, ಇವತ್ತು ಇಲ್ಲೇ ಇರ್ರಿ."

"ಮನಿಗೆ ನೆಂಟ್ರು ಬಂದಾರವ್ವ. ಗುಳಿಗಿ ಕೊಡು, ಸಾಕು."

ಅವಳ ಹಿಂದೆ ಎಂಟೊಂಬತ್ತು ಜನ ಕಾಯುತ್ತಿದ್ದರು. ಅವಳು ವಾದಕ್ಕೆ ನಿಲ್ಲಲಿಲ್ಲ. ಕುರ್ಚಿ ಎಳೆದುಕೊಂಡು ನನ್ನೆದುರು ಕುಳಿತು, ಗಡಿಯಾರ ನೋಡಿ ಬರೆದು, ಶೀಟನ್ನು ನನ್ನ ಕಡೆ ತಿರುಗಿಸಿ ಪೆನ್ನು ಕೊಟ್ಟಳು. "ಓದಿ ಸಹಿ ಮಾಡ್ರಿ ಸಾರ್."

'ಗಂಟೆ 11.40. ದಾಖಲಾಗಲು ಹೇಳಿದೆ, ರೋಗಿ ಒಪ್ಪಲಿಲ್ಲ.'

ಕೋಳಿ ಕೆದರಿದಂಥ ಅಕ್ಷರ. ಇಷ್ಟು ವರ್ಷ ಆ ಸಾಲು ಡಾಕ್ಟರನ್ನು ಕೋರ್ಟಿನಿಂದ ಕಾಪಾಡಲು ಇದೆ ಎಂದೇ ಕಲಿಸಿದ್ದೆ. ನನ್ನ ಹೆಸರಿನ ಕೆಳಗೆ ಓದಿದಾಗ ಹೆದರಿಕೆಯಾಯಿತು. ಅವತ್ತು ದೊಡ್ಡಬಸಪ್ಪನ ಎದುರು ಎರಡು ನಿಮಿಷ ಹೀಗೆ ಕುಳಿತು, ಬರೆದು, ಓದಿ ಹೇಳಿ, ಇಲ್ಲಿ ಹೆಬ್ಬೆಟ್ಟು ಒತ್ತಪ್ಪ ಎಂದಿದ್ದರೆ, ಅವನಿಗೂ ಹೆದರಿಕೆಯಾಗುತ್ತಿತ್ತು. ನೀರಿನ ಪಾಳಿ ಹೋದರೆ ಹೋಗಲಿ ಎಂದು ಅವನೂ ಮಲಗುತ್ತಿದ್ದನೇನೋ.

"ಯಾವ ಮಂಚವ್ವ?" ಎಂದೆ. ಹುಲಿಗೆಮ್ಮ ಆಗಲೇ ಹಾಸಿಗೆ ಝಾಡಿಸುತ್ತಿದ್ದಳು. "ಆ ಸಾಲು ಹೊಡೆದುಹಾಕು ಮತ್ತ."

"ಹೊಡಿಯಂಗಿಲ್ಲ ಅಂತ ನೀವ ಕಲ್ಸೀರಲ್ರಿ ಸಾರ್" ಎಂದು ನಾಗವೇಣಿ ಶೀಟನ್ನು ತನ್ನ ಕಡೆ ಎಳೆದುಕೊಂಡು, ಕೆಳಗೆ ಇನ್ನೊಂದು ಸಾಲು ಬರೆದಳು.

'ಗಂಟೆ 11.44. ಒಪ್ಪಿದರು.'